ನಾಲ್ಕೂರಿನ ಖಾಲಿ ಕ್ಯಾಸೆಟ್ಟುಗಳು

ನನ್ನ ಧ್ವನಿಯ ಕೆಳಗೆ ಇನ್ನೊಬ್ಬರು ಯಾರೋ ಅಳುತ್ತಿದ್ದರು. ಪಾಂಡವಪುರದ ಅಂಗಡಿಯಲ್ಲಿ "ಹೊಸದು, ಖಾಲಿ" ಎಂದು ಎರಡೆರಡು ಬಾರಿ ಹೇಳಿಸಿಕೊಂಡು ತಂದ ಕ್ಯಾಸೆಟ್ಟು ಅದು. ಗದಗಿನಲ್ಲಿರುವ ನನ್ನ ಅಕ್ಕನಿಗೆಂದು ಅದರಲ್ಲಿ ನಾನು ನನ್ನ ಮಂಡಿನೋವು, ಇಲ್ಲಿಯ ಹವೆ, ಸೋರುವ ಅಡುಗೆಮನೆ ಎಲ್ಲವನ್ನೂ ಕ್ರಮವಾಗಿ ವಿವರಿಸಿದ್ದೆ. ನನ್ನ ಒಂದು ವಾಕ್ಯ ಮುಗಿದು ಇನ್ನೊಂದು ಆರಂಭವಾಗುವ ನಡುವಿನ ಮೌನದಲ್ಲಿ, ಬಾವಿಯ ತಳದಿಂದ ಬಂದಂತೆ, ಗಂಡೋ ಹೆಣ್ಣೋ ತಿಳಿಯದ ಧ್ವನಿಯಲ್ಲಿ ದೀರ್ಘವಾದ ಗೋಳು ಕೇಳುತ್ತಿತ್ತು. ನಾನು ಮಾತು ಮುಂದುವರಿಸಿದೊಡನೆ ಆ ಗೋಳು ನನ್ನ ಮಾತಿನ ಅಡಿಗೆ ಸರಿದು ಅಡಗಿಕೊಳ್ಳುತ್ತಿತ್ತು.

ನಮ್ಮ ಕಡೆಯ ಓದುಗರಿಗೆ ನಾನು ಇಲ್ಲಿಗೆ ಬಂದ ಕಾರಣವನ್ನು ಮೊದಲು ಹೇಳಬೇಕು. ನಾನು ಅಳತೆ ಮತ್ತು ತೂಕದ ಇನ್‌ಸ್ಪೆಕ್ಟರನಾಗಿ ಸೇವೆ ಮುಗಿಸಿದವನು. ನನ್ನ ಹೆಂಡತಿ ಗಿರಿಜಾ ಪಾಂಡವಪುರದವಳು. ಅವಳ ತಂದೆ ಗದಗಿಗೆ ಶಾಲಾ ಮಾಸ್ತರರಾಗಿ ಬಂದಿದ್ದಾಗ ನಮ್ಮ ಮದುವೆಯಾಯಿತು. ಅವರು ವರ್ಗವಾಗಿ ಊರಿಗೆ ಮರಳಿದರು, ಇವಳು ನಮ್ಮಲ್ಲಿಯೇ ಉಳಿದಳು. ನನ್ನ ನಿವೃತ್ತಿಯಾದ ಮೇಲೆ, ನಾಲೆಯ ಪಕ್ಕದ ತವರುಮನೆಯ ಒಂದು ಭಾಗ ಅವಳ ಪಾಲಿಗೆ ಬಂದಾಗ ಅವಳು ಹೇಳಿದ್ದು ಇಷ್ಟೇ: "ನಿಮ್ಮೂರಲ್ಲಿ ನಾನಿದ್ದಾಯ್ತು. ಈಗ ನಮ್ಮೂರಲ್ಲಿ ನೀವಿರಿ." ಇಡೀ ಜೀವನ ವ್ಯಾಪಾರಸ್ಥರ ವಾದಗಳನ್ನು ಮುರಿದ ನಾನು ಮರುದಿನವೇ ಸಾಮಾನು ಕಟ್ಟತೊಡಗಿದೆ.

ಅಕ್ಕನಿಗೆ ಈಗ ಕಣ್ಣು ಕಾಣುವುದಿಲ್ಲ. ಆದರೆ ತನ್ನ ಹಳೆಯ ಟೇಪ್ ರೆಕಾರ್ಡರಿನ ಪ್ರತಿಯೊಂದು ಗುಂಡಿಯೂ ಅವಳ ಬೆರಳಿಗೆ ಗೊತ್ತು. ನಾನು ನೌಕರಿಯ ಮೇಲೆ ಊರೂರು ತಿರುಗುತ್ತಿದ್ದ ಕಾಲದಿಂದಲೂ ನಮ್ಮಿಬ್ಬರ ಪತ್ರವ್ಯವಹಾರ ಕ್ಯಾಸೆಟ್ಟಿನಲ್ಲಿಯೇ. ಒಂದು ಮಗ್ಗುಲಿಗೆ ನಾನು ಮಾತು ತುಂಬಿಸಿ ಕಳಿಸುತ್ತೇನೆ, ಇನ್ನೊಂದು ಮಗ್ಗುಲಿಗೆ ಅವಳು ಉತ್ತರ ತುಂಬಿಸಿ ಅದೇ ಕ್ಯಾಸೆಟ್ಟನ್ನು ಹಿಂದಿರುಗಿಸುತ್ತಾಳೆ. ಫೋನಿಲ್ಲವೇ ಎಂದು ಈ ಊರಿನ ಪ್ರತಿಯೊಬ್ಬನೂ ನನ್ನನ್ನು ಕೇಳಿದ್ದಾನೆ. ಇದೆ. ಆ ಫೋನು ಅವಳ ಸೊಸೆಯದು. ಸೊಸೆ ಅದನ್ನು ಜೋರು ಧ್ವನಿಗೆ ಇಟ್ಟು, ಮುಗಿಯುವವರೆಗೂ ಪಕ್ಕದಲ್ಲಿಯೇ ನಿಂತಿರುತ್ತಾಳೆ. ಅಲ್ಲಿ ಅಕ್ಕ ಮಳೆ ಬೆಳೆಯ ಮಾತು ಬಿಟ್ಟು ಬೇರೇನನ್ನೂ ಆಡುವುದಿಲ್ಲ. ಮನಸ್ಸಿನ ಮಾತಿಗೆ ಅವಳಿಗಿರುವುದು ಕ್ಯಾಸೆಟ್ಟು ಒಂದೇ.

ಇಲ್ಲಿಯ ಜನ ಕೆಟ್ಟವರೆಂದು ನಾನು ಬರೆಯಲಾರೆ. ಬರೆದರೆ ಗಿರಿಜಾ ಓದುತ್ತಾಳೆ. ಆದರೆ ನಮ್ಮಲ್ಲಿ ಮನೆಗೆ ಬರುವವರು ಕಟ್ಟೆಯ ಕೆಳಗೆ ನಿಂತು ಕೂಗುತ್ತಾರೆ, ನಾವು "ಬರ್ರಿ" ಎಂದ ಮೇಲೆ ಒಳಗೆ ಕಾಲಿಡುತ್ತಾರೆ. ಇಲ್ಲಿ ಮೊದಲು ಮನುಷ್ಯ ನಡುಮನೆಗೆ ಬರುತ್ತಾನೆ, ಆಮೇಲೆ ಕೂಗುತ್ತಾನೆ. ನಮ್ಮಲ್ಲಿ ನಲ್ಲಿಗೆ ನೀರು ಬಂದ ದಿನ ಕೊಡಗಳೆಲ್ಲ ತುಂಬುವವರೆಗೂ ಯಾರೂ ಬೇರೆ ಕೆಲಸ ಹಿಡಿಯುವುದಿಲ್ಲ. ಇಲ್ಲಿ ಮನೆಯ ಪಕ್ಕದಲ್ಲಿ ನಾಲೆ ಹರಿಯುತ್ತದೆ, ಒಬ್ಬನೂ ಅದರ ಕಡೆ ತಿರುಗಿ ನೋಡುವುದಿಲ್ಲ. ಬಂದ ಹೊಸದರಲ್ಲಿ ಒಂದು ಊಟದ ಮನೆಯಲ್ಲಿ ರಾಗಿ ಮುದ್ದೆಯನ್ನೂ ಉಪ್ಸಾರನ್ನೂ ಬಡಿಸಿದರು. ಉಪ್ಸಾರೆಂದರೆ ಬೇಯಿಸಿದ ಸೊಪ್ಪು ಕಾಳಿನ ತಿಳಿಯಾದ ಸಾರು, ಅದಕ್ಕೆ ಖಾರವನ್ನು ಬೇರೆಯಾಗಿ ಕಲಸಿಕೊಳ್ಳಬೇಕು. ನಾನು ರೊಟ್ಟಿಯ ಅಭ್ಯಾಸದಿಂದ ಮುದ್ದೆಯನ್ನು ಅಗಿದೆ. ಇಡೀ ಪಂಕ್ತಿ ನಕ್ಕಿತು. ನಕ್ಕವರಲ್ಲಿ ನಮ್ಮ ಪಕ್ಕದ ಮನೆಯ ಬೋರೇಗೌಡ ಮೊದಲಿಗ. "ನುಂಗಿ ಯಜಮಾನ್ರೆ, ಅದೇನ್ ಕಬ್ಬಾ ಅಗಿಯಾಕೆ?" ಎಂದ. ಅದನ್ನು ನಾನು ಮರೆತಿಲ್ಲ. ಗಂಡಸರು ತಮ್ಮತಮ್ಮಲ್ಲಿ 'ಲಾ', 'ಕಣ್ಲಾ' ಎಂದುಕೊಳ್ಳುವುದು ಸಲುಗೆಯ ಮಾತೆಂದು ಗಿರಿಜಾ ವಿವರಿಸಿದ್ದಾಳೆ. ವಿವರಣೆಯನ್ನು ಸ್ವೀಕರಿಸಿದ್ದೇನೆ, ಮಾತನ್ನು ಸ್ವೀಕರಿಸಿಲ್ಲ.

ಪ್ರತಿ ಕ್ಯಾಸೆಟ್ಟನ್ನೂ ನಾನು "ಪರಊರಿಂದ ನಿನ್ನ ತಮ್ಮ" ಎಂದೇ ಆರಂಭಿಸುತ್ತೇನೆ. ಅದನ್ನು ಕೇಳಿಸಿಕೊಂಡಾಗಲೆಲ್ಲ ಗಿರಿಜಾ ಪಾತ್ರೆಯನ್ನು ಸ್ವಲ್ಪ ಸಪ್ಪಳವಾಗುವಂತೆ ಇಡುತ್ತಾಳೆ.

ಆ ಅಳುವ ಕ್ಯಾಸೆಟ್ಟು ಮರಳಿ ಬಂದಾಗ ಅಕ್ಕನ ಮಗ್ಗುಲಿನಲ್ಲಿದ್ದದ್ದು ನಾಲ್ಕೇ ಮಾತು. "ತಮ್ಮಾ, ನಿನ್ನ ಮಾತಿನ ಕೆಳಗ ಯಾರೋ ಅಳಾಕತ್ತಾರ. ಮತ್ತ ಮತ್ತ ಹಚ್ಚಿ ಕೇಳೀನಿ. ಗಿರಿಜಾಗ ಏನ ಮಾಡೀದಿ, ಖರೇ ಹೇಳ. ನೀ ಖರೇ ಹೇಳೂ ತನಕಾ ನಾ ಈ ಪೆಟಗಿ ಮುಂದ ಕುಂಡ್ರೂದಿಲ್ಲ." ಆಮೇಲೆ ಗುಂಡಿ ಒತ್ತಿದ ಸಪ್ಪಳ. ಉಳಿದದ್ದೆಲ್ಲ ಬರಿದು. ನನ್ನ ಮಗ್ಗುಲನ್ನು ಹಚ್ಚಿ ಆ ಅಳುವನ್ನು ನಾನು ಮೊದಲ ಸಲ ಕೇಳಿದ್ದು ಆಗಲೇ.

ಗಿರಿಜಾ ಅದನ್ನು ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅಳೋದೇ? ಅಳೋದನ್ನೆಲ್ಲ ನಿಮ್ಮೂರಲ್ಲೇ ಮುಗಿಸ್ಕೊಂಡು ಬಂದೋಳು ನಾನು." ನನಗೆ ನಗು ಬರಲಿಲ್ಲ. ಅಕ್ಕ ಹಟ ಹಿಡಿದರೆ ಬಿಡುವವಳಲ್ಲ. ಅವಳು ಮಾತು ನಿಲ್ಲಿಸಿದರೆ, ನನ್ನ ಹೆಸರನ್ನು ಚಿಕ್ಕಂದಿನ ರೀತಿಯಲ್ಲಿ ಕರೆಯುವವರು ನನಗೆ ಇನ್ನೊಬ್ಬರಿಲ್ಲ.

ಆದ್ದರಿಂದ ಒಂದು ನಿಜವಾದ ಖಾಲಿ ಕ್ಯಾಸೆಟ್ಟು ಬೇಕಾಯಿತು. ಪಾಂಡವಪುರದ ಅಂಗಡಿಯವನ ಎದುರಿಗೆ ಆ ಅಳುವನ್ನು ಹಚ್ಚಿ ಕೇಳಿಸಿದೆ. ಅವನು ಕಿವಿಯ ಮೇಲೆ ಕೈಯಿಟ್ಟು, "ಖಾಲಿನೇ ಕಣ್ ಸಾ, ಅಯಸ್ಕಾಂತದಲ್ಲಿ ಒರ್ಸಿ ಕೊಟ್ಟಿದ್ದೆ" ಎಂದ. ಒರೆಸಿದ್ದನ್ನು ಹೊಸದೆಂದು ಮಾರಿದೆಯಲ್ಲ ಎಂದು ಕೇಳಿದರೆ, "ಒರ್ಸಿದ್ ಮ್ಯಾಕೆ ಒಸದೇ ಅಲ್ವಾ?" ಎಂದು ನನ್ನನ್ನೇ ಕೇಳಿದ. ಸ್ಲೇಟಿಗೆ ಸಲ್ಲುವ ನ್ಯಾಯ ಟೇಪಿಗೆ ಸಲ್ಲುವುದಿಲ್ಲ. ಗಟ್ಟಿಯಾಗಿ ತುಂಬಿದ್ದನ್ನು ಇಂಥ ಅಯಸ್ಕಾಂತವಾಗಲಿ ನನ್ನ ಸಣ್ಣ ಯಂತ್ರವಾಗಲಿ ಪೂರ್ತಿ ಅಳಿಸಲಾರದು. ಹೊಸ ಮಾತಿನ ಕೆಳಗೆ ಹಳೆಯದರ ನೆರಳು ಉಳಿಯುತ್ತದೆ. ಇದನ್ನು ಅವನಿಗೆ ತಿಳಿಸಿ ಹೇಳುತ್ತಿರುವಾಗಲೇ ಅವನು ಬೇರೆ ಗಿರಾಕಿಯ ಮೊಬೈಲಿಗೆ ಗಾಜು ಅಂಟಿಸಲು ತಿರುಗಿಕೊಂಡ.

ಶ್ರೀರಂಗಪಟ್ಟಣಕ್ಕೆ ಹೋದೆ. ಕೋಟೆ ನೋಡಲು ಬಂದವರಿಗೆ ಟೋಪಿ, ಪೀಪಿ ಮಾರುವ ಅಂಗಡಿಯೊಂದರಲ್ಲಿ, ಪಾರದರ್ಶಕ ಹೊದಿಕೆಯ, ನೋಡಲು ಬಹಳ ಅಂದವಾದ ಕ್ಯಾಸೆಟ್ಟು ಸಿಕ್ಕಿತು. ಕೊಡುವ ಮುಂಚೆ ಆ ಹೆಂಗಸು, "ತಾತ, ಇದು ಮಾರೋಕಿಟ್ಟಿದ್ದಲ್ಲ, ಜನ ಫೋಟೋ ತಕ್ಕಳಾಕೆ ಇಟ್ಟಿದ್ದು" ಎಂದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು, ನಾನು ಅವಳ ತಾತನಾದೆ. ಮನೆಗೆ ತಂದು ನೋಡಿದರೆ, ಟೇಪನ್ನು ಯಂತ್ರದ ಧ್ವನಿ ಹಿಡಿಯುವ ಹೆಡ್ಡಿಗೆ ಒತ್ತಿಹಿಡಿಯಬೇಕಾದ ಪುಟ್ಟ ಉಣ್ಣೆಯ ತುಂಡೇ ಅದರಲ್ಲಿಲ್ಲ. ನನ್ನ ಧ್ವನಿ ಅದರಲ್ಲಿ ಗಾಳಿಗೆ ಸಿಕ್ಕ ಕಾಗದದಂತೆ ಒಮ್ಮೆ ಹತ್ತಿರ, ಒಮ್ಮೆ ದೂರ.

ಕೆ.ಆರ್. ಪೇಟೆಯದು ಒಂದೂವರೆ ಗಂಟೆಯ ಕ್ಯಾಸೆಟ್ಟು. ಅಷ್ಟು ಉದ್ದದ ಟೇಪನ್ನು ಅದೇ ಡಬ್ಬಿಗೆ ತುರುಕಲು ಅದನ್ನು ತೆಳುವಾಗಿ ಮಾಡಿರುತ್ತಾರೆ, ಆದ್ದರಿಂದ ಅದು ನಂಬಿಕೆಗೆ ಯೋಗ್ಯವಲ್ಲ. ಇದು ನನಗೆ ಗೊತ್ತಿದ್ದೂ ತಂದೆ, ಏಕೆಂದರೆ ಹೋದ ಬಸ್ಸಿನ ಕಂಡಕ್ಟರು ನನ್ನ ಮಾತು ಕೇಳಿ "ಯಾವ್ ದೇಸ ನಿಮ್ದು?" ಎಂದು ಬಸ್ಸಿಗೆಲ್ಲ ಕೇಳುವಂತೆ ವಿಚಾರಿಸಿದ್ದ. ಕರ್ನಾಟಕದವನೇ ಎಂದು ಉತ್ತರಿಸಿ ಇಳಿದ ಮೇಲೆ ಬರಿಗೈಯಲ್ಲಿ ಮರಳುವ ಮನಸ್ಸಾಗಲಿಲ್ಲ. ಆ ಟೇಪು ಮೊದಲ ಪರೀಕ್ಷೆಯಲ್ಲಿಯೇ ಯಂತ್ರದ ಉರುಳೆಗೆ ಸುತ್ತಿಕೊಂಡು ಶಾವಿಗೆಯಾಗಿ ಹೊರಬಂತು.

ನಾಗಮಂಗಲದ ರೇಡಿಯೋ ರಿಪೇರಿಯವನು ನನ್ನನ್ನು ಬಹಳ ಹೊತ್ತು ನಿಲ್ಲಿಸಿಕೊಂಡ. ಒಂದು ಸ್ಟೂಲನ್ನೂ ಕೊಡಲಿಲ್ಲ. ಕೊನೆಗೆ ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿದ. "ಒಂದ್ ಮದ್ವೆಗೆ ಅಂತ ತರ್ಸಿದ್ದು. ಮದ್ವೆ ಮುರ್ದೋಯ್ತು. ಇದ್ನ ಯಾರೂ ತಕಂಡೋಗ್ನಿಲ್ಲ" ಎಂದ. ಒಂದು ಗಂಟೆಯ ಕ್ಯಾಸೆಟ್ಟು, ಅಂಟಿಸಿದ್ದಲ್ಲ, ಮೂಲೆಗಳಿಗೂ ನಡುವಿಗೂ ಸ್ಕ್ರೂ ಹಾಕಿದ್ದು. ಉಣ್ಣೆಯ ತುಂಡು ಹಿತ್ತಾಳೆಯ ಪಟ್ಟಿಯ ಮೇಲೆ ಭದ್ರವಾಗಿ ಕೂತಿತ್ತು.

ತಕ್ಕಡಿಯ ಸತ್ಯ ತಿಳಿಯುವುದು ಅದರಲ್ಲಿ ಏನೂ ಇಡದಿದ್ದಾಗ. ಕ್ಯಾಸೆಟ್ಟಿಗೂ ನಾನು ಅದೇ ಕ್ರಮವನ್ನು ಅನುಸರಿಸಿದೆ. ಕಿಟಕಿ ಬಾಗಿಲು ಮುಚ್ಚಿ, ಹೊಸದಾಗಿ ತಂದವುಗಳಲ್ಲಿ ಉಳಿದಿದ್ದ ಎರಡಕ್ಕೂ ಬರಿಯ ಮೌನವನ್ನು ತುಂಬಿಸಿ, ಆ ಮೌನವನ್ನು ಕಿವಿಗೊಟ್ಟು ಕೇಳಿದೆ. ಶ್ರೀರಂಗಪಟ್ಟಣದ ಮೌನದಲ್ಲಿ ಒಗ್ಗರಣೆಯ ಚಟಪಟ. ನಾಗಮಂಗಲದ ಮೌನ ಮಾತ್ರ ದೂರದಲ್ಲಿ ಯಾರೋ ಅಕ್ಕಿ ಕೇರುತ್ತಿರುವಷ್ಟು ಮೆಲ್ಲಗಿತ್ತು. ಕೊನೆಗೆ ಹೋಲಿಕೆಗಾಗಿ ಪಾಂಡವಪುರದ ಆ ಅಳುವ ಕ್ಯಾಸೆಟ್ಟನ್ನು ಹಚ್ಚಿದೆ. ಆಗಲೇ ಮುಚ್ಚಿದ ಬಾಗಿಲನ್ನು ತಳ್ಳಿಕೊಂಡು ಬೋರೇಗೌಡ ನಡುಮನೆಗೆ ಬಂದ. ಬಂದ ಮೇಲೆ ಕೂಗಿದ.

"ಏನ್ ಯಜಮಾನ್ರೆ, ಇನ್ನೂವೆ ಅದ್ನೇ ತಿರುಗಿಸ್ತಾ ಕುಂತಿದ್ದೀರಾ?" ಎಂದವನು ತಟ್ಟನೆ ನಿಂತ. "ತಡೀರಿ, ತಡೀರಿ. ಇಂದಕ್ಕೆ ಬುಡಿ ಒಸಿ."

ಹಿಂದಕ್ಕೆ ಬಿಟ್ಟೆ. ಅವನು ಯಂತ್ರಕ್ಕೆ ಕಿವಿ ತಾಗಿಸಿದ. ಮುಖ ಅರಳಿತು. "ಅಯ್ ಶಿವ್ನೇ, ಇದು ನಾನೇ ಕಣ್ರೀ! ರಾಜಾಪಾರ್ಟು! ಮಗ ಸತ್ತೋದಾಗ ಅಳೋ ಸೀನು! ಆಗ ಗಂಟ್ಲು ಎಂಗಿತ್ತು ನೋಡಿ!"

ವಿಷಯ ಇಷ್ಟು. ಈ ನಾಲ್ಕೂ ತಾಲ್ಲೂಕುಗಳಲ್ಲಿ ಗದ್ದೆ ಕೆಲಸದ ಗಂಡಸರೇ ಕಿರೀಟ ಕಟ್ಟಿ ಪೌರಾಣಿಕ ನಾಟಕ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಟ್ಟ ಹಾಡನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡು, ತಾವೂ ಹಾಡಿ ತುಂಬಿಸಿ, ತಪ್ಪು ತಿದ್ದಿಕೊಳ್ಳುತ್ತಿದ್ದರು. ನಾಟಕ ಆಡಿಯಾದ ಮೇಲೆ ಕ್ಯಾಸೆಟ್ಟನ್ನು ಅಂಗಡಿಗೆ ಹಿಂದಿರುಗಿಸಬೇಕು. "ಮನೇಲಿಟ್ಕಂಡ್ರೆ ಪಾರ್ಟು ಮೈ ಬುಟ್ಟೋಗಾಕಿಲ್ಲ ಅಂತ ನಮ್ಮಲ್ಲಿ" ಎಂದು ಬೋರೇಗೌಡ ವಿವರಿಸಿದ. ಹಾಗೆ ಬಿಟ್ಟುಹೋಗದ ಪಾರ್ಟುಗಳನ್ನೆಲ್ಲ ಒರೆಸಿ ಅಂಗಡಿಯವನು ನನ್ನಂಥವರಿಗೆ ಮಾರಿದ್ದಾನೆ.

ಬೋರೇಗೌಡನಿಗೆ ನಾಚಿಕೆಯಾಗಬೇಕಿತ್ತು. ಅವನು ಬಾಗಿಲಿಗೆ ಹೋಗಿ, "ಲೇ ನಿಂಗ, ಬಾರ್ಲಾ ಇಲ್ಲಿ! ಯಜಮಾನ್ರು ಅಕ್ಕುನ್ ತಾವ ಮಾತಾಡ್ತಾವ್ರೆ, ಕೆಳಗೆ ನಾನ್ ಅಳ್ತಾವ್ನಿ!" ಎಂದು ಬೀದಿಗೆಲ್ಲ ಕೂಗಿದ. ನನ್ನ ಮಂಡಿನೋವಿನ ವಿವರವನ್ನು ಅರ್ಧ ಬೀದಿ ನಿಂತು ಕೇಳಿತು. ಒಬ್ಬ ಔಷಧವನ್ನೂ ಸೂಚಿಸಿದ.

ಮರುದಿನ ನಾಗಮಂಗಲದ ಕ್ಯಾಸೆಟ್ಟಿಗೆ, ಬಾಗಿಲಿಗೆ ಅಗುಳಿ ಹಾಕಿ, ಎಲ್ಲವನ್ನೂ ಅಕ್ಕನಿಗೆ ವಿವರಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಸ್ವಚ್ಛವಾಗಿ ನಾನು ಏನನ್ನೂ ತುಂಬಿಸಿರಲಿಲ್ಲ. ಕಳಿಸಿದ ಮೇಲೆ ಅಂಚೆಯವನ ದಾರಿ ಕಾಯುವುದೇ ಕೆಲಸವಾಯಿತು. ಉತ್ತರ ಬಂತು.

"ಟೇಪು ಚೊಲೋ ಐತಿ. ಆದರ ನಾ ನಂಬೂದಿಲ್ಲ. ಕದಾ ಹಾಕ್ಕೊಂಡು ಮಾತಾಡೀದಿ ನೀ. ಒಂದ ಪಾತ್ರಿ ಸಪ್ಪಳಿಲ್ಲ, ಒಂದ ಹಕ್ಕಿ ಸಪ್ಪಳಿಲ್ಲ. ಗಿರಿಜಾ ಎಲ್ಲದಾಳ? ರಾಜಾ ಅಂತ, ನಾಟಕ ಅಂತ, ಎಂಥಾ ಕಥಿ ಕಟ್ಟೀದೋ! ಮತ್ತ ನೀ ಎರಡ ಸಲ 'ಬುಡು' ಅಂದಿ. ಯಾರ ಕಲಸ್ಯಾರ ಅದನ್ನ? ಕೇಳಿದರ ಯಾವೂರ ಮನಷ್ಯಾ ಅಂತ ತಿಳಿವಲ್ದು."

ಹಿಂದಕ್ಕೆ ತಿರುಗಿಸಿ ಕೇಳಿದೆ. ಎರಡು ಸಲ 'ಬುಡು' ಎಂದಿದ್ದೆ. ನಾಲ್ಕೂರಿನ ಟೇಪುಗಳಲ್ಲಿ ಬೇರೆಯವರ ಧ್ವನಿಯನ್ನು ಹುಡುಕಿದ ನನ್ನ ಕಿವಿಗೆ ಅದು ತಾಗಿರಲಿಲ್ಲ. ಇದಕ್ಕೆ ಬೋರೇಗೌಡನೇ ಹೊಣೆ. ಇಷ್ಟು ಅಲೆದು, ಇಷ್ಟು ಮಾತು ಕೇಳಿ, ದೋಷವಿಲ್ಲದ ಕ್ಯಾಸೆಟ್ಟು ತಂದರೆ, ದೋಷವಿಲ್ಲದಿರುವುದೇ ದೋಷವಾಯಿತಲ್ಲ!

"ಕದ ತೆಗೀರಿ" ಎಂದಳು ಗಿರಿಜಾ. "ಗೌಡ್ರನ್ನ ಕರೀರಿ. ನಿಮ್ಮಕ್ಕ ಅವರ ಬಾಯಿಂದಾನೇ ಕೇಳ್ಲಿ. ಇನ್ನೊಂದು ಮಾತು. ನಿಮ್ಮೂರಲ್ಲಿ ಅಷ್ಟು ವರ್ಷ ಇದ್ನಲ್ಲ, ನಮ್ಮಪ್ಪನಿಗೆ ಬರೆದ ಒಂದು ಕಾಗದದಲ್ಲಾದ್ರೂ ಪರಊರು ಅಂತ ಬರೆದಿದ್ನಾ ನಾನು?"

ನಾನು ಎದ್ದು ಕದ ತೆಗೆದು ಪಕ್ಕದ ಮನೆಯ ಕಡೆ ಕೂಗಿದೆ. ಬೋರೇಗೌಡ ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು ಬಂದ. ಅಕ್ಕನಿಗೆ ಕಣ್ಣು ಕಾಣುವುದಿಲ್ಲವೆಂದು ಹೇಳಿದರೂ, "ಮರ್ವಾದೆ ಅಂತ ಒಂದೈತಲ್ಲ" ಎಂದ. ಬಾಗಿಲು ತೆರೆದಿತ್ತು. ಕಬ್ಬಿನ ಟ್ರಾಕ್ಟರು ಹೋಗುತ್ತಿತ್ತು, ನಾಲೆಯಲ್ಲಿ ಯಾರೋ ಎಮ್ಮೆಗೆ ಬೈಯುತ್ತಿದ್ದರು. ಅದೇ ನಾಗಮಂಗಲದ ಕ್ಯಾಸೆಟ್ಟಿನ ನನ್ನ ಮಗ್ಗುಲನ್ನು ಮೊದಲಿಗೆ ತಿರುಗಿಸಿ ಗುಂಡಿ ಒತ್ತಿದೆ.

"ಪರಊರಿಂದ ನಿನ್ನ ತಮ್ಮ" ಎಂದೆ.

ಅಡುಗೆಮನೆಯಿಂದ ಗಿರಿಜಾ ಕೆಮ್ಮಿದಳು. ನೆಗಡಿಯ ಕೆಮ್ಮಲ್ಲ ಅದು. ಗದಗಿನ ತನಕ ಕೇಳಲೆಂದೇ ಕೆಮ್ಮಿದ್ದು. ನಾನು ಯಂತ್ರ ನಿಲ್ಲಿಸಿದೆ. ನನ್ನ ಪದ್ಧತಿಯಂತೆ ಹಿಂದಕ್ಕೆ ತಿರುಗಿಸಿ ಮತ್ತೆ ಆರಂಭಿಸಬೇಕಿತ್ತು. ಬೆರಳು ಗುಂಡಿಯ ಮೇಲೆಯೇ ಇತ್ತು.

"ಸುರು ಮಾಡ್ಲಾ ಯಜಮಾನ್ರೆ? ಗಂಟ್ಲು ಆರೋಯ್ತದೆ" ಎಂದ ಬೋರೇಗೌಡ.

"ಮಾಡು" ಎಂದು, ನಿಲ್ಲಿಸಿದಲ್ಲಿಂದಲೇ ಯಂತ್ರವನ್ನು ಮುಂದಕ್ಕೆ ಬಿಟ್ಟೆ. ಅಕ್ಕ ಏನು ತಿಳಿಯುತ್ತಾಳೋ ತಿಳಿಯಲಿ. ಅಷ್ಟು ಗಟ್ಟಿಯಾಗಿ ತುಂಬಿದ ಕೆಮ್ಮು, ನಾನು ಅಳಿಸಿದರೂ ನನ್ನ ಮಾತಿನ ಕೆಳಗೆ ಉಳಿದೇ ಇರುತ್ತಿತ್ತು.