ಮರ್ಜ್ ಬಟನ್ ಒತ್ತಿದ ವಕೀಲ

ನಾಗರ ಪಂಚಮಿ ಇನ್ನೇನು ಬಂತು ಅನ್ನುವಾಗ ನನ್ನ ಫೋನಿನ ಒಂದು ಬಟನ್ ನನ್ನ ಮಾನ ಕಳೆಯಿತು. ಅದರ ಹೆಸರು ಮರ್ಜ್.

ನಾನು ಹಾವೇರಿ ಕೋರ್ಟಿನಲ್ಲಿ ವಕೀಲ. ಕಾಂಪ್ರಮೈಸ್ ಮಾಡಿಸುವುದರಲ್ಲಿ ಎತ್ತಿದ ಕೈ. (ಹಾಗಂತ ನಾನೇ ಹೇಳಿಕೊಳ್ಳುತ್ತೇನೆ. ಬೇರೆ ಯಾರಾದರೂ ಹೇಳಿದ್ದು ನೆನಪಿಲ್ಲ.) ಮೀಟಿಂಗ್, ಸೆಟಲ್‌ಮೆಂಟ್, ಮೀಡಿಯೇಶನ್ ಎಂದು ದಿನವಿಡೀ ಜನರನ್ನು ಕೂಡಿಸುವ ಮಾತೇ ನನ್ನ ಬಾಯಲ್ಲಿ. ಇಂಥವನ ಸ್ವಂತ ಅಕ್ಕ-ತಂಗಿ ಎರಡು ವರ್ಷದಿಂದ ಒಬ್ಬರೊಡನೊಬ್ಬರು ಮಾತು ಬಿಟ್ಟಿದ್ದರು!

ಕಾರಣ? ಬದನೆಕಾಯಿ ಪಲ್ಯ. ಅಕ್ಕ ಗಿರಿಜಾಳ ಮನೆ ಬ್ಯಾಡಗಿಯಲ್ಲಿ, ತಂಗಿ ಸುಮಾಳದು ರಾಣೆಬೆನ್ನೂರಿನಲ್ಲಿ. ಅಕ್ಕನ ಮನೆಯ ಊಟದಲ್ಲಿ, ಬೀಗರ ಎದುರಿಗೇ, ಸುಮಾ ತುತ್ತು ಬಾಯಿಗಿಟ್ಟು, "ಅಕ್ಕಾ, ಖಾರ ಸಪ್ಪಗ ಆಗೈತಲ್ಲ?" ಅಂದಳು. ಬ್ಯಾಡಗಿಯವಳ ಖಾರದಲ್ಲಿ ತಪ್ಪು ಹುಡುಕುವುದೆಂದರೆ ಏನು ಸಾಮಾನ್ಯವೇ? ಅಂದಿನಿಂದ ಮೌನ. ಹೋದ ಪಂಚಮಿಗೆ ಇಬ್ಬರೂ ತವರಿಗೆ ಬರಲಿಲ್ಲ. 'ಆಕಿ ಬಂದರ ನಾ ಬರಂಗಿಲ್ಲ' ಎಂಬ ಒಂದೇ ವಾಕ್ಯ ಎರಡೂ ಊರಿಂದ ಬಂತು.

ಈ ಸಲ ನನ್ನ ಜೊತೆಗಿರುವ ಅವ್ವ ತೀರ್ಪು ಕೊಟ್ಟುಬಿಟ್ಟಳು. "ಇಬ್ರೂ ಬರೂದಿದ್ರ ಉಂಡಿ ಕಟ್ಟತೇನಿ. ಇಲ್ಲಾಂದ್ರ ನನ್ನ ಕೇಳಬ್ಯಾಡ." ಅವ್ವನ ಕೈ ಈಗ ನಡುಗುತ್ತದೆ. ಇನ್ನೆಷ್ಟು ಪಂಚಮಿಗೆ ಆ ಕೈ ಉಂಡೆ ಕಟ್ಟೀತು?

ಇಂಗ್ಲಿಷಿಗೆ ಶರಣಾದೆ. ಅಕ್ಕ, ತಂಗಿ, ಹೆಂಡತಿಯನ್ನು ಸೇರಿಸಿ 'ಫ್ಯಾಮಿಲಿ ರೀಯೂನಿಯನ್' ಅಂತ ವಾಟ್ಸಾಪ್ ಗ್ರೂಪ್ ಮಾಡಿದೆ. ಬೆಳಿಗ್ಗೆ ಅಕ್ಕ ಒಂದು ಗುಲಾಬಿ ಹಾಕುವಳು, ತಂಗಿ ಇನ್ನೊಂದು. ಅವಳ ಹೂವನ್ನು ಇವಳು ನೋಡುವುದಿಲ್ಲ, ಇವಳದನ್ನು ಅವಳು. ಎರಡಕ್ಕೂ ಕೈಮುಗಿಯುವವನು ನಾನು.

ಆಮೇಲೆ ಗಳಗನಾಥದಲ್ಲಿ ಗೆಟ್-ಟುಗೆದರ್ ಇಟ್ಟೆ. ವರದಾ ತುಂಗಭದ್ರೆಗೆ ಸೇರುವ ಜಾಗ, ಅಲ್ಲಾದರೂ ಇವರು ಸೇರಲಿ ಅಂತ. ನದಿಗಳು ಸೇರಿದವು. ಇವರು ಬರಲಿಲ್ಲ. ಗಂಟು ಕಟ್ಟಿಕೊಂಡು ಹೋದ ರೊಟ್ಟಿಯನ್ನು ನಾನು, ಹೆಂಡತಿ ವಾರವಿಡೀ ತಿಂದೆವು.

ಉಳಿದದ್ದು ವಕೀಲಿ ವಿದ್ಯೆ. ಎರಡೂ ಪಾರ್ಟಿಯವರನ್ನು ಬೇರೆ ಬೇರೆ ಕೂರಿಸಬೇಕು, ಒಬ್ಬೊಬ್ಬರಿಗೂ 'ನಿಮ್ಮದೇ ಖರೇ' ಅನ್ನಬೇಕು. ಮೆತ್ತಗಾದ ಮೇಲೆ ಎದುರುಬದುರು ತರಬೇಕು. ಸಂಜೆ ಚಹಾ ಹಿಡಿದು ಕುಳಿತು ಅಕ್ಕನಿಗೆ ಫೋನ್ ಹಚ್ಚಿದೆ, ನಾಲ್ಕು ಮಾತಾಡಿ ಹೋಲ್ಡ್‌ನಲ್ಲಿ ಇಟ್ಟೆ. ಸುಮಾಗೆ ಹಚ್ಚಿದೆ. "ನೀ ಹೇಳೂದು ಖರೇ ಐತಿ. ಅಕ್ಕಂದು ಹಟ ಭಾಳ" ಅಂದೆ. ಅವಳನ್ನೂ ಹೋಲ್ಡ್‌ಗೆ ಹಾಕಿ ಅಕ್ಕನ ಕಡೆ ಮರಳಬೇಕಿತ್ತು. ಚಾಳೀಸು ಕನ್ನಡಕ ಒಳಕೋಣೆಯಲ್ಲಿತ್ತು. ಒತ್ತಿದ್ದು ಮರ್ಜ್, ಎರಡೂ ಕರೆಗಳನ್ನು ಒಂದೇ ಮಾಡುವ ಬಟನ್.

"ಅಕ್ಕಾ, ನಿಂದೇ ಖರೇ. ಸುಮಾಂದು ಬಾಯಿ ಬೊಂಬಾಯಿ. ಸಣ್ಣಾಕಿದ್ದಾಗಿಂದ ಹಂಗ. ಆಕೀನ್ನ ನಾ ನೋಡ್ಕೋತೇನಿ ಬಿಡು."

ಉತ್ತರವಾಗಿ ಕೇಳಿದ್ದು ಸುಮಾಳ ದನಿ.

"ಅಣ್ಣಾ, ಈಗಿನ್ನೂ ನನಗ 'ಅಕ್ಕಂದು ಹಟ ಭಾಳ' ಅಂದೆಲ್ಲೋ?"

"ಏನಂದಾ? ನಂದು ಹಟಾ?" ಅಕ್ಕ ಗುಡುಗಿದಳು.

"ಹೂಂ ಅಕ್ಕಾ. ಹೋದ ಪಂಚಮಿಗೂ ಹಂಗ ಅಂದಿದ್ದ."

"ನನಗೂ ನಿನ್ನ ಬಗ್ಗೆ ಅಂದಿದ್ದ! ತಡಿ, ಹೇಳ್ತೇನಿ."

ಎರಡು ವರ್ಷದ ಮೇಲೆ ಆ 'ಅಕ್ಕಾ' ಕೇಳಿದ್ದು. ಬೈಸಿಕೊಳ್ಳುತ್ತಿದ್ದರೂ ನನಗೆ ಖುಷಿಯಾಯಿತು. ಏನೋ ಹೇಳಲು ಬಾಯಿ ತೆರೆದೆ.

"ನೀ ಬಾಯಿ ಮುಚ್ಚು" ಅಂದಳು ಅಕ್ಕ.

ಹಾಗಾದರೆ ಫೋನ್ ಇಡಲೇ ಎಂದೆ. "ಇಡಬ್ಯಾಡ! ನೀ ಇಟ್ಟರ ಇಬ್ಬರದೂ ಕಟ್ ಆಕ್ಕೈತಿ. ಸುಮ್ಮನ ಹಿಡಕೊಂಡು ಕುಂದ್ರು" ಅಂದಳು ಸುಮಾ.

ಹಿಡಿದುಕೊಂಡು ಕುಳಿತೆ. ನನ್ನ ಚಿಕ್ಕಂದಿನ ಸುಳ್ಳುಗಳಿಂದ ಹಿಡಿದು ನನ್ನ ಕರಿಕೋಟಿನವರೆಗೆ ಒಂದನ್ನೂ ಬಿಡಲಿಲ್ಲ. ಚಹಾ ಆರಿತು. ಕೊನೆಗೆ ಸುಮಾ ಮೆಲ್ಲಗೆ, "ಅಕ್ಕಾ, ಅವತ್ತು ನನಗ ನೆಗಡಿ ಆಗಿತ್ತವಾ, ರುಚಿನ ಹತ್ತಿರಲಿಲ್ಲ" ಅಂದಳು. ಅಕ್ಕ, "ಇರಲಿ ತಗಿ. ಪಂಚಮಿಗೆ ಬರೂ ಮುಂದ ಹೊಸಾ ಖಾರ ತರ್ತೇನಿ" ಅಂದಳು.

ಇಬ್ಬರೂ ಬಂದರು. ಅವ್ವ ನಡುಗುವ ಕೈಯಲ್ಲೇ ಉಂಡೆ ಕಟ್ಟಿದಳು. ಅಕ್ಕ-ತಂಗಿ ಒಂದೇ ಜೋಕಾಲಿಯಲ್ಲಿ ಕುಳಿತು ಏನೋ ಪಿಸುಗುಟ್ಟುತ್ತ ನನ್ನ ಕಡೆ ನೋಡಿ ನಕ್ಕರು. "ಎಷ್ಟು ಶಾಣ್ಯಾ ಅದೀಯಪಾ, ಹೆಂಗ ಕೂಡಿಸಿದಿ?" ಅಂತ ಅವ್ವ ಕೇಳಿದಳು. ವಕೀಲನಾದವನು ಇಂಥ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಹಬ್ಬದ ಮರುದಿನ ಇಬ್ಬರೂ ಕೂಡಿ ಹೊಸ ಗ್ರೂಪ್ ಮಾಡಿಕೊಂಡರು. ನನ್ನ ಹೆಂಡತಿಯನ್ನೂ ಸೇರಿಸಿಕೊಂಡಿದ್ದಾರೆ. ದಿನವಿಡೀ ಅಡುಗೆಮನೆಯಿಂದ ಟಣ್ ಟಣ್ ಸದ್ದು, ನಗು.

ನನ್ನ ಫ್ಯಾಮಿಲಿ ರೀಯೂನಿಯನ್‌ನಲ್ಲಿ ಈಗ ಉಳಿದಿರುವವನು ನಾನೊಬ್ಬನೇ. ಅಡ್ಮಿನ್.