ಅಂಬಿಗ ಕಿಟೊ ಮತ್ತು ನಮ್ಮ ಹೆಸರು
ಹುಟ್ಟುಗೋಲು ಕಚಕ್ಕೆಂದು ಕೆಸರಿಗೆ ನೆಟ್ಟ ಸದ್ದು ಕೇಳಿದರೆ ಸಾಕು, ಅಂಬಿಗ ಕಿಟೊ ಪ್ರವಾಸಿಗರನ್ನು ಕಾಲುವೆಯ ನಡುವೆ ಸೆರೆಹಿಡಿದನೆಂದು ದಡದಲ್ಲಿ ಉಪ್ಪಿನ ಸೌತೆ ಮಾರುವ ನನಗೆ ತಿಳಿಯುತ್ತದೆ. ಅಲ್ಲಿಗೆ ನನ್ನ ವ್ಯಾಪಾರವೂ ನಿಂತ ಹಾಗೆಯೇ. ಯಾರೋ ಪಾಪದವರು, ಊರ ಫಲಕದಲ್ಲಿ ಜರ್ಮನ್ ಜೊತೆ ಇನ್ನೊಂದು ಭಾಷೆ ಯಾಕೆ ಎಂದು ಕೇಳಿರುತ್ತಾರೆ. "ಯಾಕಂದ್ರೆ ಜರ್ಮನಿಯಲ್ಲೇ ಇದ್ರೂ ನಾವು ಜರ್ಮನ್ನರಲ್ಲ ಸ್ವಾಮಿ, ಬೇರೆ ನುಡಿಯ ಪುಟ್ಟ ಜನಾಂಗ! ಅವರು ನಮ್ಮನ್ನ ವೆಂಡರು ಅಂತಾರೆ, ಸೋರ್ಬರು ಅಂತಲೂ ಅಂತಾರೆ. ಲ್ಯಾಟಿನ್ನಿನಲ್ಲಿ ಸೊರಾಬಿ ಅಂತ ಬರೆದ್ರು. ನಮ್ಮ ಬಾಯಲ್ಲಿ ನಾವು ಸೆರ್ಬಿ!" ವೆಂಡರ ಹೆಸರನ್ನು ಒಯ್ದು ತಮ್ಮ ನುಡಿಯಲ್ಲಿ ರಷ್ಯ ದೇಶಕ್ಕೇ ಹೆಸರಾಗಿ ಅಂಟಿಸಿದ ಫಿನ್ನರ ಮೇಲೂ ಅವನಿಗೆ ಸಿಟ್ಟು. ಬಿಸಿಲೇರುತ್ತದೆ, ಕೂಸುಗಳು ಅಳುತ್ತವೆ, ಅವನು ಆಗಷ್ಟೇ ಹೆಸರಿನ ಮೂಲಕ್ಕೆ ಬರುತ್ತಾನೆ: "ಒಂದೇ ಹಾಲು ಕುಡಿದವರು ಅಂತ ಅರ್ಥ ಇರಬಹುದಂತೆ!" ಇವತ್ತು ದೋಣಿ ದಡ ಸೇರಿದಾಗ ರೇಗಿಹೋಗಿ ನಮ್ಮ ಭಾಷೆಯಲ್ಲೇ ಕೂಗಿದೆ: "ಸಾಕು ಮಾರಾಯ, ಹಸಿದೋರನ್ನ ಇಳಿಸು! ನೀನೂ ಬಾ, ಒಂದು ಸೌತೆ ತಿನ್ನು." ಅವನು ತಬ್ಬಿಬ್ಬಾಗಿ ನಕ್ಕ. ಆಗ ನನಗೆ ನೆನಪಾಯಿತು: ಶಾಲೆಯಲ್ಲಿ ಈ ನುಡಿಗಾಗಿ ತಾನು ತಿಂದ ಏಟು ಮಗನಿಗೆ ಬೇಡವೆಂದು ಅವನ ತಾಯಿ ಅವನೊಡನೆ ಬರೀ ಜರ್ಮನ್ ಆಡಿದ್ದಳು. ಎಲ್ಲರ ಭಾಷೆಯಲ್ಲೂ ನಮ್ಮ ಹೆಸರು ಬಲ್ಲವನಿಗೆ ನಮ್ಮ ಭಾಷೆಯಲ್ಲಿ ಬರುವುದು ಆ ಹೆಸರೊಂದೇ. "ತಿನ್ನೋಕೆ ಕರೆದೆ ಕಣೋ, ಅಷ್ಟೇ," ಎಂದು ನಾನು ಜರ್ಮನ್ನಿನಲ್ಲಿ ಹೇಳುತ್ತಿರುವಾಗಲೇ ಅವನು ಹುಟ್ಟುಗೋಲು ಹೆಗಲಿಗೇರಿಸಿ ನಡೆದುಬಿಟ್ಟ.