ಚಿಕ್ಕಮ್ಮ ಕೈ ಎತ್ತಿದ್ದು

ಇಂಥದ್ದನ್ನೆಲ್ಲ ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಮೈಸೂರಿನಲ್ಲಿ ಮಾತು ಮತ್ತು ಶ್ರವಣದ ತೊಂದರೆಗಳ ಪದವಿಗೆ ಸೇರಿದ ಮೇಲಂತೂ ನನ್ನ ಬಳಿ ಎಲ್ಲಕ್ಕೂ ಒಂದು ಕಾರಣ ಇರುತ್ತಿತ್ತು. ಅವ್ವ ನನ್ನನ್ನು ‘ಕಿವಿ ಡಾಕ್ಟ್ರಮ್ಮ’ ಎಂದು ಕಿಚಾಯಿಸುತ್ತಿದ್ದಳು.

ಈ ಓದಿಗೆ ನಾನು ಬಂದಿದ್ದೇ ಅವ್ವನ ತಂಗಿ ಸಾಕಮ್ಮ ಚಿಕ್ಕಮ್ಮನಿಂದ. ಅವಳಿಗೆ ಹುಟ್ಟಿನಿಂದ ಕಿವಿ ಕೇಳದು. ಅಂತರಸಂತೆಯ ಮನೆಯಲ್ಲಿ ನನ್ನನ್ನು ಎತ್ತಿ ಆಡಿಸಿದವಳು ಅವಳೇ. ಮಾತಿಗಿಂತ ಮೊದಲು ನಾನು ಅವಳ ಕೈಸನ್ನೆ ಕಲಿತೆನಂತೆ. ಅಜ್ಜಿಗೆ ಲಕ್ವ ಹೊಡೆದು ಮಾತು ನಿಂತಾಗ, ಮಾತಾಡಲಾಗದ ತಾಯಿಯನ್ನು ಈ ಕಿವಿ ಕೇಳದ ಮಗಳೇ ನೋಡಿಕೊಂಡಳು. ಅಜ್ಜಿಗೆ ನುಂಗುವುದೂ ಕಷ್ಟವಾಗಿತ್ತು. ಮುದ್ದೆಯನ್ನು ಅಗಿಯದೆ ನುಂಗುವವರು ನಾವು. ಆದ್ದರಿಂದ ಮುದ್ದೆ ಬೇಡವೇ ಬೇಡ, ಗಟ್ಟಿ ಅಂಬಲಿ ಸಾಕು ಎಂದು ನಾನು ಕಟ್ಟಪ್ಪಣೆ ಮಾಡಿದ್ದೆ. ಚಿಕ್ಕಮ್ಮ ಅದನ್ನು ಒಂದು ಹೊತ್ತೂ ಮೀರಿರಲಿಲ್ಲ.

ಕಿವಿಗೆ ಹಾಕುವ ಮಿಷನ್ನಿನಿಂದ ಏನಾದರೂ ಕೇಳಿಸೀತೇ ನೋಡೋಣ ಎಂದು ಒಂದು ದಿನ ಅವಳನ್ನು ಕಾಲೇಜಿಗೆ ಕರೆದುಕೊಂಡು ಬಂದೆ. ಶಬ್ದ ನುಸುಳದ ಕೋಣೆಯಲ್ಲಿ ಅವಳ ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿಸಿದರೆ ಕೈ ಎತ್ತು ಎಂದು ಸನ್ನೆ ಮಾಡಿದೆ. ಗಾಜಿನ ಈಚೆ ನಾನು, ಪಕ್ಕದಲ್ಲಿ ನಮ್ಮ ಮೇಡಂ. ಶಬ್ದವನ್ನು ಎಷ್ಟು ಜೋರು ಮಾಡಿದರೂ ಚಿಕ್ಕಮ್ಮನ ಕೈ ಮಡಿಲಲ್ಲೇ ಇತ್ತು. ನನಗೆ ಅಳು ಬಂತು. ಗುಂಡಿಯಿಂದ ಕೈ ತೆಗೆದೆ.

ಆಗ ಅವಳು ಕೈ ಎತ್ತಿದಳು.

“ಕಾದು ಸುಸ್ತಾದವರು ಸುಮ್ಮನೆ ಕೈ ಎತ್ತೋದುಂಟು, ಬಿಡಮ್ಮ” ಎಂದರು ಮೇಡಂ. ನಮ್ಮ ಪಾಠದಲ್ಲೂ ಅದು ಇದೆ. ಆದರೆ ಚಿಕ್ಕಮ್ಮ ಮೂಗಿನ ಬದಿಗೆ ಬೆರಳಿಟ್ಟಳು. ಅವಳ ಸನ್ನೆಯಲ್ಲಿ ಮೂಗುತಿ ಎಂದರೆ ಅಜ್ಜಿ. ಆಮೇಲೆ ಕರೆಯುವ ಸನ್ನೆ, ಅಜ್ಜಿ ಕರೆಯುತ್ತಿದ್ದಾಳೆ ಎಂದು. ಹೆಡ್‌ಫೋನ್ ಕಿತ್ತಿಟ್ಟು ಬಾಗಿಲ ಕಡೆ ನಡೆದಳು. ಅವಳನ್ನು ಸಮಾಧಾನ ಮಾಡಲೆಂದೇ ಮನೆಗೆ ಫೋನ್ ಮಾಡಿದೆ.

“ನಾನು ಇತ್ಲಲ್ಲಿ ಬಟ್ಟೆ ಒಗೀತಾ ಇವ್ನಿ ಕಣವ್ವ” ಎಂದಳು ಅವ್ವ.

“ಅಜ್ಜಿ?”

“ಒಳಗದೆ. ಪಕ್ಕದ್ಮನೆ ಅಕ್ಕ ಪಾಪ ಅಂತ ಒಂಚೂರು ಮುದ್ದೆ ತಂದ್ಕೊಟ್ಟು ಓದ್ಲು.”

“ಮೊದ್ಲು ಒಳಕ್ಕೋಗವ್ವ.”

ಸ್ವಲ್ಪ ಹೊತ್ತಿನ ಮೇಲೆ ಅವಳೇ ಫೋನ್ ಮಾಡಿದಳು. “ಗಂಟ್ಲಲ್ಲಿ ಸಿಕ್ಕಾಕ್ಕೊಂಡು ಕಣ್ಣು ಮೇಲಾಗಿತ್ತು ಕಣವ್ವ. ಬೆನ್ಗೆ ಗುದ್ದಿ ತೆಗ್ದೆ. ನೀನು ಎಂಗೆ ಫೋನ್ ಮಾಡ್ದೆ?”

ನಡೆದದ್ದನ್ನು ಮೇಡಂಗೆ ಹೇಳಿದೆ. ಉಸಿರು ಕಟ್ಟಿದವರು ಕೂಗಲಾರರು, ಅಜ್ಜಿಗೆ ಮೊದಲೇ ಮಾತಿಲ್ಲ. ಕೂಗಿದ್ದರೂ ಕೇಳಲು ಚಿಕ್ಕಮ್ಮನಿಗೆ ಕಿವಿಯಿಲ್ಲ. ಮೈಸೂರಿಗೂ ಊರಿಗೂ ನಡುವೆ ಇಡೀ ಎಚ್.ಡಿ. ಕೋಟೆ ರಸ್ತೆ ಇದೆ. ಕಾಕತಾಳೀಯ ಇರಬಹುದು ಎಂದರು ಮೇಡಂ. ಇರಬಹುದು. ಅಜ್ಜಿ ಇನ್ನೂ ಇದ್ದಾಳೆ, ಅಂಬಲಿ ಕಂಡರೆ ಮುಖ ಸಿಂಡರಿಸುತ್ತಾಳೆ. ನಿನಗೆ ಏನು ಕೇಳಿಸಿತು ಎಂದು ಚಿಕ್ಕಮ್ಮನನ್ನು ಎಷ್ಟೋ ಸಲ ಕೇಳಿದೆ. ಇದೇನು ಕೇಳುತ್ತೀ ಎನ್ನುವಂತೆ ನನ್ನ ತಲೆಗೆ ಮೊಟಕಿ ಒಳಗೆ ಹೋಗುತ್ತಾಳೆ.

ಈಗ ನಾನು ಕೊನೆಯ ವರ್ಷದಲ್ಲಿದ್ದೇನೆ. ನಾವು ಶಬ್ದ ಕೊಡದಿದ್ದಾಗ ಯಾರಾದರೂ ಕೈ ಎತ್ತಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬುದು ನಿಯಮ. ನಾನೂ ಹಿಡಿಯುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಅಂಥವರ ಜೊತೆಗೆ ಬಂದವರಿಗೆ, ಮನೆಗೆ ಒಂದು ಫೋನ್ ಮಾಡಿ ನೋಡಿ ಎನ್ನುತ್ತೇನೆ, ಅಷ್ಟೇ.